ಬಣ್ಣದಡಿಯ ಬೋಲ್ಟು

“ವೈರಿಂಗ್ ಮಾಡೋಕೆ ಬರದಿದ್ರೆ ಮೊದಲೇ ಹೇಳ್ಬೇಕಿತ್ತು, ಮೇಡಂ,” ಎಂದ ಡ್ರೈವರ್, ಲಾರಿಯಿಂದ ಇಳಿಯುತ್ತಲೇ.

ತನ್ನ ಶೆಡ್ಡಿನ ಮುಂದೆ ಕೂತಿದ್ದ ಎಲೆಕ್ಟ್ರಿಷಿಯನ್ ತಲೆ ಎತ್ತಲಿಲ್ಲ. “ಲಾರಿ ಸ್ಟ್ಯಾಂಡ್ ತುಂಬಾ ಹೇಳ್ಕೊಂಡು ಬಂದಿದ್ದೀರಲ್ಲ. ನನಗೊಬ್ಬಳಿಗೆ ಹೇಳೋದು ಬಾಕಿ ಇತ್ತಾ?”

ಆ ಇಪ್ಪತ್ತೆರಡು ವರ್ಷದ ಲಾರಿಗೆ ಎರಡು ತಿಂಗಳ ಹಿಂದೆ ಪೂರ್ತಿ ವೈರಿಂಗ್ ಮಾಡಿದ್ದವಳು ಅವಳೇ. ನಾಲ್ಕು ದಿನವೂ ಅವನು ಪಕ್ಕದಲ್ಲಿ ಕೂತು ಟಾರ್ಚ್ ಹಿಡಿದಿದ್ದ. ಬೆಳಕು ವೈರಿನ ಮೇಲೆ ಬೀಳದೆ ಅವಳ ಕೆನ್ನೆಯ ಮೇಲೆ ಬೀಳುತ್ತಿತ್ತು. “ಕೆಲಸ ಇಲ್ಲಿದೆ ಕಣೋ,” ಎಂದು ಅವಳು ಬೈದರೆ, “ನನ್ನ ಕೆಲಸ ಅಲ್ಲಿದೆ,” ಎನ್ನುತ್ತಿದ್ದ.

ಹಾಗೆ ಹೋದವನ ಸುದ್ದಿಯೇ ಇರಲಿಲ್ಲ. ಬಂದದ್ದು ದೂರು, ಅದೂ ಬೇರೆಯವರ ಬಾಯಿಂದ: ಲೈಟು ಮಂಕು, ಸೆಲ್ಫ್ ಸ್ಟಾರ್ಟರ್ ಎಳೆಯುವುದಿಲ್ಲ, ಪೆಡಲಿನಿಂದ ಕಾಲು ತೆಗೆದರೂ ಐಡ್ಲಿಂಗ್ ಇಳಿಯದೆ ಎಂಜಿನ್ ಕಿರುಚುತ್ತದೆ. ಅದನ್ನು ಕೇಳಿ ಮೂರು ಲಾರಿಗಳು ಎದುರಿನ ಶೆಡ್ಡಿಗೆ ಹೋದವು. ಇನ್ನೆರಡು ಹೋದರೆ ಅವಳು ಬಾಗಿಲು ಹಾಕಬೇಕು. ಅದಕ್ಕೇ ಹೇಳಿ ಕಳಿಸಿದ್ದಳು, ಲಾರಿ ತರಲಿ, ಎಲ್ಲರೆದುರೇ ನೋಡೋಣ ಎಂದು. ನಾಲ್ವರು ಡ್ರೈವರ್‌ಗಳು ಕೈಕಟ್ಟಿ ನಿಂತಿದ್ದರು.

“ಹತ್ತಿ. ಸೆಲ್ಫ್ ಹೊಡೀರಿ.”

ಎಂಜಿನ್ ಒಲ್ಲದ ಮನಸ್ಸಿನಿಂದ ಗೊರಗುಟ್ಟಿತು, ಹೊತ್ತಿಕೊಳ್ಳಲಿಲ್ಲ.

“ಕೇಳಿಸ್ತಾ, ನಿಮ್ಮ ಸಂಗೀತ?”

“ಬಾಯಿ ಮುಚ್ಚಿ, ಕೀ ತಿರುಗಿಸಿ.”

ಮೀಟರಿನ ಒಂದು ವೈರನ್ನು ಬ್ಯಾಟರಿಯ ಮೈನಸ್‌ಗೆ, ಇನ್ನೊಂದನ್ನು ಎಂಜಿನ್ನಿನ ಲೋಹಕ್ಕೆ ಒತ್ತಿದಳು. ಅರ್ಧ ವೋಲ್ಟ್ ದಾಟಬಾರದು. ಐದು ತೋರಿಸಿತು. ಪೆಡಲಿನಿಂದ ಎಂಜಿನ್ನಿಗೆ ಬರುವ ಎಕ್ಸಲರೇಟರ್ ಕೇಬಲ್ ಮುಟ್ಟಿದವಳು ತಟ್ಟನೆ ಕೈ ತೆಗೆದಳು.

“ಇಳಿದು ಬಂದು ಮುಟ್ಟಿ.”

“ಅಯ್ಯಪ್ಪಾ! ಸುಡ್ತಿದೆ!”

“ಕರೆಂಟ್ ಬ್ಯಾಟರಿಗೆ ವಾಪಸ್ ಹೋಗೋಕೆ ದಾರಿ ಸಿಗದೆ ಈ ಕೇಬಲ್ಲಿಗೆ ನುಗ್ತಿದೆ. ಒಳಗಿನ ಪ್ಲಾಸ್ಟಿಕ್ ಕರಗಿ ತಂತಿ ಅಂಟಿಕೊಂಡಿದೆ. ಐಡ್ಲಿಂಗ್ ಎಲ್ಲಿಂದ ಇಳೀಬೇಕು?”

ಅವಳು ಲಾರಿಯ ಕೆಳಗೆ ನುಸುಳಿದಳು. ಬ್ಯಾಟರಿಯ ಮೈನಸ್‌ನಿಂದ ಬರುವ ಅರ್ತಿಂಗ್ ಕೇಬಲ್ಲನ್ನು ಚಾಸಿಯ ಕಬ್ಬಿಣದ ಚೌಕಟ್ಟಿಗೆ ಬಿಗಿದಿದ್ದ ಬೋಲ್ಟು ಬಿಚ್ಚಿದಾಗ ಅಡಿಯಲ್ಲಿ ದಪ್ಪನೆಯ ನೀಲಿ ಬಣ್ಣ ಹೊಳೆಯಿತು.

“ಇಲ್ಲಿ ನಾನು ಕಬ್ಬಿಣ ಕಾಣೋ ಹಾಗೆ ಉಜ್ಜಿ ಬಿಗಿದಿದ್ದೆ. ಬಣ್ಣ ದಾಟಿ ಕರೆಂಟ್ ಹೋಗಲ್ಲ. ಬೋಲ್ಟ್ ಬಿಚ್ಚಿ ಅದರಡಿಗೂ ಬಣ್ಣ ಬಳಿದ ಪುಣ್ಯಾತ್ಮ ಯಾರು?”

ಅವನು ಬಗ್ಗಿ ನೋಡಿದ. ಮುಖ ಇಳಿಯಿತು. “ನಾನೇ.”

“ಯಾಕೆ?”

ಅವನು ಅವಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ದನಿ ತಗ್ಗಿಸಿದ. “ಆವತ್ತು ಟೀ ಕೊಡೋಕೆ ಬಂದ ನಿಮ್ಮಮ್ಮ, ‘ಗಾಡಿ ತುಂಬಾ ತುಕ್ಕು, ಡ್ರೈವರ್ ಬಾಳೂ ಹೀಗೇನೋ’ ಅಂದ್ರು. ಒಂದು ಚೂರೂ ತುಕ್ಕು ಇರಬಾರದು, ಆಮೇಲೆ ಬಂದು ಅವರ ಹತ್ತಿರ ಹೆಣ್ಣು ಕೇಳಬೇಕು ಅಂತ... ಬಂದೆ ಕೂಡ. ನಿಮ್ಮ ಬೀದಿ ತಿರುವಿನಲ್ಲೇ ಗಾಡಿ ನಿಂತುಹೋಯ್ತು. ಟ್ರಾಕ್ಟರಿಗೆ ಕಟ್ಟಿ ಎಳೆಸ್ಕೊಂಡು ಹೋದೆ. ಜನ ನಕ್ಕರು. ಆ ಸಿಟ್ಟಲ್ಲಿ ನಿನ್ನ ಕೆಲಸಾನೇ ದೂರಿದೆ.”

“ನನ್ನನ್ನ ಹೆಣ್ಣು ಕೇಳೋಕೆ ಬಂದವನು ನನ್ನ ಅನ್ನಕ್ಕೇ ಕಲ್ಲು ಹಾಕಿದ್ಯಾ?”

“ಏನಪ್ಪಾ ಅದು ಗುಸುಗುಸು? ನಮಗೂ ಕೇಳ್ಲಿ!” ಎಂದ ಹಿಂದಿನಿಂದ ಒಬ್ಬ.

“ಹೇಳು,” ಎಂದಳು ಅವಳು, ಉಜ್ಜುಕಾಗದದಿಂದ ಬಣ್ಣ ಕೆರೆಯುತ್ತ. “ಜೋರಾಗಿ.”

ಅವನು ಎದ್ದು ನಿಂತ. “ತಪ್ಪು ನಂದು. ಅರ್ತಿಂಗ್ ಕೆಡಿಸಿದ್ದು ನಾನು. ಇವಳ ವೈರಿಂಗಲ್ಲಿ ಒಂದು ಕೊರತೆಯೂ ಇಲ್ಲ.”

ಬೋಲ್ಟು ಬಿಗಿದು, ಹೊಸ ಎಕ್ಸಲರೇಟರ್ ಕೇಬಲ್ ಹಾಕಿದ ಮೇಲೆ ಎಂಜಿನ್ ಒಂದೇ ಏಟಿಗೆ ಹೊತ್ತಿಕೊಂಡಿತು. ಕಾಲು ತೆಗೆದೊಡನೆ ಸದ್ದು ಇಳಿಯಿತು. ನಾಲ್ವರೂ ಕಟ್ಟಿದ ಕೈ ಬಿಚ್ಚಿದರು.

ಅವಳು ಕೈ ಒರೆಸಿಕೊಂಡು ಲಾರಿ ಹತ್ತಿ ಅವನ ಪಕ್ಕದಲ್ಲಿ ಕೂತಳು.

“ಎಲ್ಲಿಗೆ?” ಎಂದ ಅವನು.

“ಸ್ಟ್ಯಾಂಡಿಗೆ. ಯಾರ್ಯಾರ ಹತ್ತಿರ ದೂರಿದ್ಯೋ ಅವರೆಲ್ಲರ ಎದುರೂ ಇದನ್ನೇ ಹೇಳ್ತೀಯ. ನಾನು ಪಕ್ಕದಲ್ಲೇ ಇರ್ತೀನಿ.”

“ಆಮೇಲೆ?”

“ಆಮೇಲೆ ಅಮ್ಮನ ಹತ್ತಿರ. ಅಲ್ಲೂ ಪಕ್ಕದಲ್ಲೇ ಇರ್ತೀನಿ. ಹಲ್ಲು ಕಿರೀಬೇಡ, ರಸ್ತೆ ನೋಡು.”