ಎರಡು ಕೆಂಪು ಚುಕ್ಕೆ

ಸೋಮವಾರ ಬೆಳಿಗ್ಗೆ ಐದನೇ ಕಂಪ್ಯೂಟರ್ ಶುರುವಾಗಲು ಹೆಣಗಾಡಿತು. ಚಳ್ಳಕೆರೆಯ ಆ ತರಬೇತಿ ಕೇಂದ್ರದಲ್ಲಿ ಹೊಸದು ಅಂತ ಹೇಳಿಕೊಳ್ಳಲು ಇದ್ದದ್ದು ಅದೊಂದೇ. ಪಾಠ ಹೇಳುವ ರೂಪಾಗೆ ಅನುಮಾನ ಬಂತು. ಡಬ್ಬದ ಸ್ಕ್ರೂ ಬಿಚ್ಚಿದಳು. ಅರವತ್ನಾಲ್ಕು ಎಂಬಿ ರ್‍ಯಾಮ್ ಇರಬೇಕಾದ ಜಾಗದಲ್ಲಿ ಹದಿನಾರರದ್ದು ಕುಳಿತಿತ್ತು. ಯಾರೋ ದೊಡ್ಡದನ್ನು ಕದ್ದು ಚಿಕ್ಕದನ್ನು ಸಿಕ್ಕಿಸಿ ಹೋಗಿದ್ದರು.

ಅದು ಎರಡು ಸಾವಿರದ ಒಂದನೇ ಇಸವಿ. ಮಾಲೀಕ ಜಯದೇವಪ್ಪನವರಿಗೆ ರ್‍ಯಾಮ್ ಎಂದರೆ ಬಂಗಾರದ ತುಂಡು. ಬೀಗ ನೋಡಿದರು, ನೆಟ್ಟಗಿತ್ತು. ಕೀಲಿ ಇದ್ದದ್ದು ರೂಪಾಳ ಬಳಿ.

"ನಾಳೆಯೊಳಗೆ ಅದು ಸಿಗ್ಬೇಕಮ್ಮ. ಇಲ್ದಿದ್ರೆ ಕೀಲಿ ಕೊಟ್ಟು ಮನೆಗೆ ಹೋಗು."

ಕೆಲಸ ಹೋದರೆ ಇನ್ನೊಂದು ಹುಡುಕಬಹುದು. ಕಳ್ಳಿ ಅನ್ನಿಸಿಕೊಂಡು ಆ ಊರಲ್ಲಿ ತಲೆಯೆತ್ತಿ ತಿರುಗುವುದು ಹೇಗೆ? ಇನ್ನೊಬ್ಬ ಮೇಷ್ಟ್ರು ಮಹಾಂತೇಶನಿಗೆ ಅಂದು ಪಾಠವಿರಲಿಲ್ಲ. ಇದ್ದಿದ್ದರೆ ತನ್ನ ಪರ ನಾಲ್ಕು ಮಾತಾಡುತ್ತಿದ್ದ ಎನಿಸಿತು ಅವಳಿಗೆ.

ಚಿಕ್ಕ ರ್‍ಯಾಮನ್ನು ಬೆಳಕಿಗೆ ಹಿಡಿದಳು. ಅಂಚಿನಲ್ಲಿ ಉಗುರುಬಣ್ಣದ ಎರಡು ಕೆಂಪು ಚುಕ್ಕೆ. ರಿಪೇರಿ ಅಂಗಡಿಯ ಇಫ್ತಿಕಾರ್ ತಾನು ಮಾರಿದ ಮಾಲಿಗೆ ಹಾಕುವ ಗುರುತು ಅದು. ಶುಕ್ರವಾರವಷ್ಟೇ ಯುಪಿಎಸ್ ಸರಿಮಾಡಲು ಕೇಂದ್ರಕ್ಕೆ ಬಂದಿದ್ದ. ಸಿಕ್ಕಿಬಿದ್ದ ಎಂದುಕೊಂಡಳು ರೂಪಾ.

* * *

ಅಂಗಡಿಗೇ ಬಂದು ಕೇಳಿದ ರೂಪಾಳನ್ನು ನೋಡಿ ಇಫ್ತಿಕಾರ್ ನಕ್ಕುಬಿಟ್ಟ. ಕದಿಯುವವನು ತನ್ನ ಗುರುತನ್ನೇ ಬಿಟ್ಟು ಹೋಗುತ್ತಾನೆಯೇ ಎಂದ. ರ್‍ಯಾಮನ್ನು ತಿರುಗಿಸಿ ನೋಡಿದವನ ನಗು ಅಲ್ಲಿಗೇ ನಿಂತಿತು.

"ಎಲ್ರಿಗೂ ಒಂದೇ ಚುಕ್ಕೆ ಮೇಡಂ. ಎರಡು ಹಾಕಿದ್ದು ಒಬ್ರಿಗೇ. ಗ್ಯಾರಂಟಿ ಎರಡು ವರ್ಷ ಬೇಕು ಅಂತ ಜಗಳ ಮಾಡಿ ಹಾಕಿಸ್ಕೊಂಡ್ರು. ಮೊಳಕಾಲ್ಮೂರಿನ ಸ್ವಪ್ನಕ್ಕ."

ರೂಪಾ ಅಲ್ಲೇ ಸ್ಟೂಲಿನ ಮೇಲೆ ಕುಳಿತಳು. ಸ್ವಪ್ನ ಅವಳ ಜೀವದ ಗೆಳತಿ, ಮಹಾಂತೇಶನ ಹೆಂಡತಿ. ಕಾಮಾಲೆಯಾಗಿ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಬದುಕಿದ್ದಾಗ ಕೇಂದ್ರದ ಐದನೇ ಕಂಪ್ಯೂಟರಿನ ಮುಂದೆ ಕುಳಿತು ರೇಷ್ಮೆ ಸೀರೆಯ ಸೆರಗಿಗೆ ಗಿಣಿಗಳನ್ನು ಬಿಡಿಸುತ್ತಿದ್ದಳು. ಆ ಹೊಸ ಡಿಸೈನ್ ಸಾಫ್ಟ್‌ವೇರ್ ಅವಳ ಮನೆಯ ಹದಿನಾರು ಎಂಬಿಯ ಹಳೆಯ ಕಂಪ್ಯೂಟರಿಗೆ ಜಪ್ಪಯ್ಯ ಅಂದರೂ ಹತ್ತುತ್ತಿರಲಿಲ್ಲ. ಒಂದಲ್ಲ ಒಂದು ದಿನ ನಮ್ಮನೇಲೂ ಓಡಿಸ್ತೀನಿ ನೋಡ್ತಿರು ಎನ್ನುತ್ತಿದ್ದಳು. ಆ ಗಟ್ಟಿ ದನಿಯನ್ನು ಇನ್ನೊಮ್ಮೆ ಕೇಳಬೇಕೆನಿಸಿತು ರೂಪಾಳಿಗೆ.

ಆಗ ಶನಿವಾರದ್ದು ನೆನಪಾಯಿತು. ಕಂಪ್ಯೂಟರ್ ಕೋಣೆಗೆ ಧೂಳು ಬರಬಾರದೆಂದು ಎಲ್ಲರೂ ಚಪ್ಪಲಿ ಹೊರಗೇ ಬಿಡಬೇಕು. ಅಂದು ಸಂಜೆ ಕರೆಂಟ್ ಹೋದಾಗ ಎಲ್ಲರೂ ಚಪ್ಪಲಿ ಮೆಟ್ಟಿ ಟೀ ಕುಡಿಯಲು ಕೆಳಗಿಳಿದಿದ್ದರು. ಬಾಗಿಲಲ್ಲಿ ಒಂದು ಜೊತೆ ಮಾತ್ರ ಉಳಿದಿತ್ತು. ಉಂಗುಟ ಕಿತ್ತುಹೋಗಿ ನೇರಳೆ ರೇಷ್ಮೆ ದಾರದಲ್ಲಿ ಹೊಲಿದದ್ದು.

ಅವಳು ಮೊಳಕಾಲ್ಮೂರಿನ ಬಸ್ ಹತ್ತಿದಳು.

* * *

ಆ ಚಪ್ಪಲಿ ಮಹಾಂತೇಶನ ಮನೆಯ ಮುಂದಿತ್ತು. ಒಳಗೆ ಹಳೆಯ ಕಂಪ್ಯೂಟರಿನ ಪರದೆಯ ಮೇಲೆ ಗಿಣಿಗಳ ಸಾಲು. ಎದುರಿನ ಕುರ್ಚಿ ಖಾಲಿ. ಅವನು ಪಕ್ಕದಲ್ಲಿ ನೆಲದ ಮೇಲೆ ಕುಳಿತಿದ್ದ.

"ಎರಡು ಚುಕ್ಕೆ ರ್‍ಯಾಮ್ ಇದ್ದಿದ್ದು ಈ ಮನೇಲಿ ಮಾತ್ರ," ಎಂದಳು ರೂಪಾ. "ಬೇರೆ ಕಳ್ಳ ಆಗಿದ್ರೆ ಜಾಗ ಖಾಲಿ ಬಿಟ್ಟು ಹೋಗ್ತಿದ್ದ. ಪಾಠ ನಿಲ್ಲಬಾರ್ದು ಅಂತ ಚಿಕ್ಕದು ಹಾಕಿದ್ದೀರಿ. ಶನಿವಾರ ಕರೆಂಟ್ ಹೋದಾಗ ನಿಮ್ಮ ಚಪ್ಪಲಿ ಮೇಲೇ ಇತ್ತು ಅಣ್ಣ. ಬೀಗ ಮುರಿಯೋ ಕೆಲಸಾನೇ ಬರ್ಲಿಲ್ಲ."

ಅವನು ಅಲ್ಲಗಳೆಯಲಿಲ್ಲ. "ನಿನ್ ಮೇಲೆ ಬರ್ತೈತೆ ಅಂತ ಹೊಳೀಲೇ ಇಲ್ಲಮ್ಮ."

ಗಿಣಿಗಳನ್ನು ಕೇಂದ್ರದಲ್ಲೇ ನೋಡಬಹುದಿತ್ತಲ್ಲ ಎಂದು ಕೇಳಿದಳು.

"ಅಲ್ಲಿ ದಿನಾ ನೋಡ್ತೀನಿ. ಇದ್ರಾಗೆ ಓಡ್ಬೇಕು ಅಂತ ಅವಳಿಗೆ ಆಸೆ ಇತ್ತು. ಕೊಳ್ಳಾಕೆ ಕೈಯಾಗೆ ಕಾಸಿಲ್ಲ. ಫ್ಲಾಪಿಯಾಗೆ ತಂದು ಒಂದ್ಸಲ ಓಡಿಸಿ ರ್‍ಯಾಮ್ ವಾಪಸ್ ಹಾಕಾಣ ಅಂದ್ಕಂಡಿದ್ದೆ. ಹಾಕಾಕೆ ಮನಸ್ಸು ಬರ್ಲಿಲ್ಲ."

ತಾನೇ ಬಂದು ಜಯದೇವಪ್ಪನವರ ಎದುರು ಒಪ್ಪಿಕೊಳ್ಳುತ್ತೇನೆ ಎಂದ. ರೂಪಾ ಪರದೆಯನ್ನೇ ನೋಡುತ್ತಿದ್ದಳು. ಕೊನೆಯ ಗಿಣಿಗೆ ಸ್ವಪ್ನ ಬಣ್ಣ ತುಂಬಿರಲಿಲ್ಲ. ಈಗ ಅದು ಹಸಿರಾಗಿತ್ತು.

ಮಹಾಂತೇಶ ಎದ್ದು ಸಾಫ್ಟ್‌ವೇರ್ ಮುಚ್ಚಲು ಹೋದ. ಬದಲಾಯಿಸಿದ್ದನ್ನು ಉಳಿಸಬೇಕೇ ಎಂದು ಕಂಪ್ಯೂಟರ್ ಕೇಳಿತು. ಅವನ ಕೈ ಮೌಸಿನ ಮೇಲೇ ನಿಂತಿತು.

"ಬ್ಯಾಡ," ಎಂದ. "ಅವಳು ಬಿಟ್ಟಂಗೇ ಇರ್ಲಿ."

ಪರದೆ ಕಪ್ಪಾಯಿತು. ಅವನು ದೊಡ್ಡ ರ್‍ಯಾಮನ್ನು ಬಿಚ್ಚಿ ಅವಳಿಗೆ ಕೊಟ್ಟ. ರೂಪಾ ಎರಡು ಚುಕ್ಕೆಯದನ್ನು ಅವನ ಅಂಗೈಯಲ್ಲಿಟ್ಟಳು. ಅದನ್ನು ಮೊದಲಿನ ಜಾಗದಲ್ಲಿ ಸಿಕ್ಕಿಸಿ, ಚಪ್ಪಲಿ ಮೆಟ್ಟಿಕೊಂಡು, ಅವಳ ಜೊತೆ ಬಸ್ ಸ್ಟ್ಯಾಂಡಿನ ಕಡೆ ನಡೆದ.