ಮನೋಸಾರನ ಸೌತೆಕಾಯಿ

ಈ ಸಾಂಬಾರಿನ ಮೇಲೆ ಆಣೆ, ನಾನು ಹೇಳೋದ್ರಲ್ಲಿ ಒಂದಕ್ಷರ ಸುಳ್ಳಿದ್ರೆ ನಾಳೆಯಿಂದ ನನ್ನ ತಟ್ಟೆಗೆ ಬರೀ ಬೇಯಿಸಿದ ಬ್ರಾಕೊಲಿ ಬೀಳ್ಲಿ. ಕೂತ್ಕೊಳ್ಳಿ ಗುರುರಾಜ್. ಆ ಕಡೆ ಬೇಡ, ಪಾರ್ಕಿಂಗ್ ಲಾಟ್ ಕಡೆ ಬಿಸ್ಲು ಕಣ್ಣಿಗೆ ಹೊಡಿಯುತ್ತೆ. ಹೀಗೆ, ನನ್ನ ಕಡೆ ತಿರುಗಿ. ನಿಮ್ಮ ಊರಿನ ಪಿಕ್ನಿಕ್ಕಿಗೆ ಮೇರಿಲ್ಯಾಂಡಿನ ಎಲಿಕಾಟ್ ಸಿಟಿಯಿಂದ ಐದು ಗಂಟೆ ಡ್ರೈವ್ ಮಾಡ್ಕೊಂಡು ಬಂದಿದೀವಿ, ಒಂದು ಕಥೆ ಕೇಳೋಷ್ಟು ಪುರುಸೊತ್ತು ಮಾಡ್ಕೊಳ್ಳಿ. ಹೋದ ವರ್ಷ, ತೊಂಬತ್ತೇಳರ ಸೆಪ್ಟೆಂಬರಲ್ಲಿ ಆಗಿದ್ದು. ನೀವು ಆ ಶನಿವಾರ ಬೆಳಿಗ್ಗೆನೇ ನಮ್ಮೂರು ಬಿಟ್ಟು ಇಲ್ಲಿ ನಾರ್ತ್ ಕ್ಯಾರೊಲಿನಾದ ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಹೊಸ ಕೆಲಸಕ್ಕೆ ಹೊರಟ್ರಲ್ಲ, ನಿಮಗೆ ಗೊತ್ತಿರಲ್ಲ.

ಶನಿವಾರ ಬೆಳಿಗ್ಗೆ. ಪಕ್ಕದ ಮನೆ ಚಂದ್ರಾವತಿ ಹಿತ್ಲಲ್ಲಿ ನಿಂತು ಕೂಗಿದ್ರು. ಆ ಕೂಗಿಗೆ ಬಾಲ್ಟಿಮೋರ್ ಬಂದರಲ್ಲಿ ಎರಡು ಹಡಗು ಲಂಗರು ಎತ್ತಿದ್ವು.

"ಅಯ್ಯೋ ಮಾರಾಯ್ರೆ, ನನ್ನ ಕಾಯಿ ಹೋಯ್ತು!"

ಕಾಯಿ ಅಂದ್ರೆ ಮಂಗಳೂರು ಸೌತೆ. ಪುತ್ತೂರಿಂದ ಅವರ ಅಮ್ಮ ಸೆರಗಿನ ತುದೀಲಿ ಕಟ್ಕೊಂಡು ತಂದುಕೊಟ್ಟಿದ್ದ ಬೀಜ. ಅಮ್ಮ ತೀರ್ಕೊಂಡ್ರು. ಅಲ್ಲಿ ಗದ್ದೇಲಿ ಈಗ ಪೆಟ್ರೋಲ್ ಬಂಕ್. ಇಲ್ಲಿ ನೆಟ್ಟಿದ್ದ ಗಿಡಗಳನ್ನೆಲ್ಲ ಗ್ರೌಂಡ್‌ಹಾಗ್ ಅನ್ನೋ ಹೆಗ್ಗಣದಂಥ ಪ್ರಾಣಿ ತಿಂದು, ಉಳಿದಿದ್ದು ಒಂದೇ ಬಳ್ಳಿ. ಅದರಲ್ಲಿ ಒಂದೇ ಕಾಯಿ, ಬೀಜಕ್ಕೆ ಅಂತ ಬಿಟ್ಟಿದ್ದು. ಅದು ಹೋದ್ರೆ ಅಮ್ಮನ ತಳಿ ಅಲ್ಲಿಗೆ ಮುಗೀತು.

ಬಳ್ಳಿ ಬೇಲಿ ಹತ್ತಿ ಆ ಕಡೆಗೆ ಇಳಿದಿತ್ತು. ಕಾಯಿ ನೇತಾಡ್ತಿದ್ದದ್ದು ಆ ಕಡೆ ಪಕ್ಕದ ಥಾಯ್ ಮೇಷ್ಟ್ರ ಹಿತ್ಲಲ್ಲಿ. ಪ್ರಸೀತ್ ಅಂತ ಅವರ ಹೆಸರು. ಮೇಷ್ಟ್ರಿಗೆ ಅವರಲ್ಲಿ ಅಚಾನ್ ಅಂತಾರೆ, ನಾವೂ ಹಾಗೇ ಕರೀತಿದ್ವಿ. ಯೂನಿವರ್ಸಿಟೀಲಿ ಥಾಯ್ ಕಾನೂನಿನ ಇತಿಹಾಸ ಪಾಠ ಮಾಡೋರು. ಕಾಯಿ ಭಾರಕ್ಕೆ ಬೀಳದ ಹಾಗೆ ತಮ್ಮ ಹಳೇ ಟವೆಲಲ್ಲಿ ತೊಟ್ಟಿಲು ಕಟ್ಟಿದ್ರು. ಈಗ ತೊಟ್ಟಿಲು ಖಾಲಿ.

*

ಪತ್ತೆ ಮಾಡೋಕೆ ನಮ್ಮ ಹತ್ರ ಒಬ್ರು ಇದ್ರು. ಎದುರು ಮನೆ ರಾಮಲಿಂಗಪ್ಪನೋರು. ದಾವಣಗೆರೇಲಿ ಸಬ್‌ಇನ್‌ಸ್ಪೆಕ್ಟರ್ ಆಗಿ ರಿಟೈರ್ ಆದೋರು, ಮಗಳ ಮನೆಗೆ ಪ್ರತಿ ವರ್ಷ ಆರು ತಿಂಗಳಿಗೆ ಬರ್ತಾರೆ. ಅಮೆರಿಕಾದಲ್ಲಿ ಒಂದೂ ಅಪರಾಧ ಸಿಗದೆ ಬಡವಾಗಿಹೋಗಿದ್ರು. ಕೂಗು ಕೇಳಿದ್ದೇ ಬೆತ್ತ ಹಿಡ್ಕೊಂಡು ರಸ್ತೆ ದಾಟಿ ಬಂದ್ರು. ಮುಖದಲ್ಲಿ ಮದುವೆ ಕಳೆ.

"ಯಾರೂ ಏನೂ ಮುಟ್ಟಬ್ಯಾಡ್ರಿ. ಯಮ್ಮಾ, ಕಡೇ ಸಲ ಕಾಯಿ ನೋಡಿದ್ದು ಯಾವಾಗ?"

"ನಿನ್ನೆ ಸಂಜೆ, ಸತ್ಯನಾರಾಯಣ ಪೂಜೆಗೆ ಮುಂಚೆ ಅಂಕಲ್."

"ಗ್ರೌಂಡ್‌ಹಾಗ್ ಅಲ್ಲ. ಅದು ಟವೆಲ್ ಗಂಟು ಬಿಚ್ಚಲ್ಲ. ಜಿಂಕೆನೂ ಅಲ್ಲ." ಬೇಲಿ ಆ ಕಡೆ ನೋಡಿದ್ರು. "ಕಾಯಿ ಯಾರ ಜಾಗದಾಗಿತ್ತು? ಅವರದು. ಟವೆಲ್ ಯಾರದು? ಅವರದು. ಕೇಸ್ ಮುಗೀತು. ಆ ಮೇಷ್ಟ್ರನ್ನ ಕರೀರಿ."

ಅಚಾನ್ ಬಂದ್ರು. ಮಂಡಿವರೆಗೂ ರಬ್ಬರ್ ಬೂಟು. ಪಾಯ್ಸನ್ ಐವಿ ಅನ್ನೋ ತುರಿಕೆ ಸೊಪ್ಪು ಒಂದ್ಸಲ ಕಾಲಿಗೆ ತಾಗಿದ್ದೇ, ಆಮೇಲೆ ಬೂಟಿಲ್ಲದೆ ಹಿತ್ಲಿಗೆ ಇಳಿದವರೇ ಅಲ್ಲ. ಅವರದು ಇಂಗ್ಲಿಷು, ಇವರದು ದಾವಣಗೆರೆ. ನಡುವೆ ನಾನು ಟ್ರಾನ್ಸ್‌ಲೇಟ್ ಮಾಡಿದೆ, ಅಲ್ಲಲ್ಲಿ ಒಗ್ಗರಣೆ ಹಾಕಿ.

"ನೀವೇ ತಗೊಂಡಿದ್ದು, ಒಪ್ಕೊಳ್ರಿ."

ಅಚಾನ್‌ಗೆ ಸಿಟ್ಟೇ ಬರಲಿಲ್ಲ. ಬೌದ್ಧರಲ್ಲಿ ರಾಜನಿಗೆ ಇರಬೇಕಾದ ಹತ್ತು ಗುಣದಲ್ಲಿ ಸಿಟ್ಟು ಮಾಡದೇ ಇರೋದೂ ಒಂದಂತೆ. ರಾಜನಿಗೇ ಬೇಡದ್ದು ಮೇಷ್ಟ್ರಿಗ್ಯಾಕೆ? ಬಿದ್ದು ಬಿದ್ದು ನಕ್ಕರು.

"ಸಾರ್, ಇದೇ ಕೇಸು ನಮ್ಮ ಕಾನೂನು ಪುಸ್ತಕದ ಶುರುವಲ್ಲೇ ಇದೆ!"

*

ಬೇಲಿಗೆ ಒರಗಿಕೊಂಡು ಹೇಳಿದ್ರು. ಇನ್ನೂರು ವರ್ಷದ ಹಿಂದೆ ಬ್ಯಾಂಕಾಕಿನ ರಾಜ ಹಳೇ ಕಾನೂನೆಲ್ಲ ತಿದ್ದಿಸಿ, ಮೇಲೆ ಮೂರು ಮುದ್ರೆ ಒತ್ತಿಸಿದ. ಒಂದು ಸಿಂಹ, ಒಂದು ಸೊಂಡಿಲಿರೋ ಸಿಂಹ, ಒಂದು ಕಮಲ. ಆ ಪುಸ್ತಕದ ಮೊದಲಿಗೆ ಪ್ರಪಂಚದ ಮೊದಲನೇ ರಾಜ ಬರ್ತಾನೆ, ಮಹಾಸಮ್ಮತ. ಅವನಿಗಿಂತ ಮುಂಚೆ ರಾಜರೇ ಇರಲಿಲ್ಲ. ಯಾರೋ ಒಬ್ಬ ಪಕ್ಕದವನ ಅಕ್ಕಿ ಕದ್ದ. ಜಗಳ ಆಯ್ತು. ಆಗ ಜನ ಸೇರಿ ಒಬ್ಬನನ್ನ ಆರಿಸಿದ್ರು. 'ನೀನು ನ್ಯಾಯ ನೋಡು, ನಾವು ಬೆಳೆದದ್ರಲ್ಲಿ ನಿನಗೊಂದು ಪಾಲು ಕೊಡ್ತೀವಿ' ಅಂದ್ರು.

"ಅಂದ್ರೆ ಕಳ್ಳ ಮೊದ್ಲು, ರಾಜ ಆಮೇಲೆ!" ರಾಮಲಿಂಗಪ್ಪನೋರಿಗೆ ಖುಷಿಯೋ ಖುಷಿ.

"ಕಳ್ಳ ಇಲ್ದಿದ್ರೆ ನಿಮಗೂ ಕೆಲಸ ಇರ್ತಿರಲಿಲ್ಲ ಸಾರ್. ಆ ರಾಜನ ಹತ್ರ ಮನೋಸಾರ ಅಂತ ನ್ಯಾಯಾಧೀಶ."

"ಮನೋಸಾರ ಅಂದ್ರೆ ನಮ್ಮ ಮನು ಅಲ್ವೇನ್ರಿ?"

"ನಿಮ್ಮೋನೇ. ಹಡಗು ಹತ್ತಿ ಬಂದು, ನಮ್ಮ ಪಕ್ಕದ ಮೋನ್ ಜನರ ಹತ್ರ ಇಳಿದು, ನಮ್ಮ ಮನೆಗೆ ಬರೋಷ್ಟರಲ್ಲಿ ಬೌದ್ಧ ಆಗಿದ್ದ. ಅವನ ಮುಂದೆ ಇಬ್ರು ಬಂದ್ರು. ಇಬ್ರೂ ಅಕ್ಕಪಕ್ಕದಲ್ಲಿ ಸೌತೆ ಹಾಕಿದ್ರು. ಒಬ್ಬನ ಬಳ್ಳಿ ಇನ್ನೊಬ್ಬನ ಕಡೆ ಹಬ್ಬಿತ್ತು. ಕಾಯಿ ಯಾರದು? ಮನೋಸಾರ ಕೂತಲ್ಲೇ ತೀರ್ಪು ಕೊಟ್ಟ: ಕಾಯಿ ಯಾರ ನೆಲದಲ್ಲಿದೆಯೋ ಅವನದು."

"ಸರಿಯಾಗೇ ಹೇಳ್ಯಾನಲ್ಲ!"

"ತಪ್ಪು. ಜನ ಗೊಣಗಿದ್ರು. ರಾಜ ಇನ್ನೊಬ್ಬ ಅಧಿಕಾರೀನ ಕಳಿಸಿದ. ಆತ ಬಳ್ಳಿ ಎತ್ತಿ ಹಿಡಿದು ಬೇರಿನ ತನಕ ನಡ್ಕೊಂಡು ಹೋದ. ಬೇರು ಯಾರದೋ ಕಾಯಿ ಅವನದು ಅಂದ. ಮನೋಸಾರನಿಗೆ ಎಷ್ಟು ನಾಚಿಕೆ ಆಯ್ತು ಅಂದ್ರೆ, ಕೆಲಸ ಬಿಟ್ಟು ಕಾಡಿಗೆ ಹೋಗಿ ತಪಸ್ಸು ಮಾಡಿದ. ಆಮೇಲೆ ಪ್ರಪಂಚದ ಅಂಚಿನ ಗೋಡೆ ತನಕ ಹಾರಿದ. ಅಲ್ಲಿ ಆನೆಯಷ್ಟು ದೊಡ್ಡ ಅಕ್ಷರದಲ್ಲಿ ಧರ್ಮ ಬರೆದಿತ್ತು. ಬಾಯಿಪಾಠ ಮಾಡ್ಕೊಂಡು ಬಂದು ರಾಜನಿಗೆ ಹೇಳಿಕೊಟ್ಟ. ನಮ್ಮಲ್ಲಿ ರಾಜನೂ ಆ ಗೋಡೆ ಬರಹಕ್ಕೆ ತಲೆಬಾಗಬೇಕು ಸಾರ್. ಅದನ್ನ ಅಳಿಸಿ ತನ್ನಿಷ್ಟ ಬರೆಯೋ ಹಾಗಿಲ್ಲ."

ರಾಮಲಿಂಗಪ್ಪನೋರು ಬೆತ್ತ ನನ್ನ ಕೈಗೆ ಕೊಟ್ರು.

"ನಾನೂ ಕೂತಲ್ಲೇ ತೀರ್ಪು ಕೊಟ್ಟೆ ಕಣ್ರಿ. ಕಾಡು ಎಲ್ಲೈತಿ ಇಲ್ಲಿ?"

"ಕಾಡಿಗೆ ಆಮೇಲೆ ಹೋಗಿ ಅಂಕಲ್," ಚಂದ್ರಾವತಿ ಕಣ್ಣೊರೆಸ್ಕೊಂಡ್ರು. "ಮೊದ್ಲು ಬಳ್ಳಿ ಎತ್ತಿ."

*

ಎತ್ತಿದ್ರು. ಎತ್ತುತ್ಲೇ ಕೇಸ್ ಉಲ್ಟಾ ಹೊಡೀತು.

ಎಲೆಗಳೆಲ್ಲ ಈ ಕಡೆಗೆ ಮಗುಚಿದ್ವು. ಅಚಾನ್ ಕಡೆ ಬಳ್ಳಿ ಹಿಡಿದಿದ್ದ ಕುಡಿಗಳೆಲ್ಲ ಪಟಪಟ ಕಿತ್ತುಹೋಗಿದ್ವು.

"ನೋಡ್ರಿ. ಕಳ್ಳ ಆ ಕಡೆ ಹೋಗೇ ಇಲ್ಲ. ಈ ಕಡೆ ನಿಂತು ಬೇಲಿ ಮೇಲಿಂದ ಕೈ ಬಿಟ್ಟು ಗಂಟು ಬಿಚ್ಚಿ, ಬಳ್ಳಿ ಎಳೆದಾನೆ."

ಕಾಯಿ ಇದ್ದ ಜಾಗಕ್ಕೆ ಬಂದ್ರು. ಅಲ್ಲಿ ಬಳ್ಳಿ ಎರಡು ಕಡೆ ಕತ್ತರಿಸಿತ್ತು. ತೊಟ್ಟಿನ ಆಚೆ ಈಚೆ ಒಂದು ಗೇಣು ಬಳ್ಳಿ ಕಾಯಿ ಜೊತೇಲೇ ಹೋಗಿತ್ತು.

"ತಿನ್ನೋನು ಹಿಂಗೆ ಯಾಕ್ ಕೊಯ್ತಾನೆ? ತಿರುವಿ ಕೀಳಲ್ವಾ?"

ಚಂದ್ರಾವತಿ ಬಾಯಿಮೇಲೆ ಕೈ ಇಟ್ಕೊಂಡ್ರು. "ಅಂಕಲ್, ನಮ್ಮ ಊರಲ್ಲಿ ಹೀಗೆ ಕೊಯ್ಯುದು. ಹಗ್ಗ ಕಟ್ಟಿ ಅಟ್ಟದ ಅಡಿಯಲ್ಲಿ ನೇತು ಹಾಕ್ಲಿಕ್ಕೆ. ಬೀಜಕ್ಕೆ!"

"ಅಂದ್ರೆ ಕಳ್ಳ ನಿಮ್ಮ ಕರಾವಳಿಯೋನು."

ಬೇರಿನ ತನಕ ನಡೆದ್ರು. ಬೇರು ಇದ್ದದ್ದು ಅಡುಗೆಮನೆ ಹಿಂಬಾಗಿಲ ಹತ್ರ. ಒದ್ದೆ ಮಣ್ಣಲ್ಲಿ ಒಂದು ಹೆಜ್ಜೆ. ಐದೂ ಬೆರಳು ಸ್ಪಷ್ಟ. ಗಂಡಸಿನ ಪಾದ, ಬರಿಗಾಲು.

"ಪ್ರಸೀತ್ ಸಾರ್ ಬೂಟಿಲ್ದೆ ಇಳಿಯಲ್ಲ. ಹೊರಗಿನ ಕಳ್ಳ ಈ ದೇಶದಾಗೆ ಶೂ ಬಿಚ್ಚಿ ಬರಲ್ಲ. ಬರಿಗಾಲಲ್ಲಿ ಇಳಿದಾನೆ ಅಂದ್ರೆ ಶೂ ಎಲ್ಲಿತ್ತು?"

"ನಮ್ಮ ಮುಂಬಾಗಿಲಲ್ಲಿ," ಅಂದ್ರು ಚಂದ್ರಾವತಿ ಮೆಲ್ಲಗೆ. "ಪೂಜೆಗೆ ಬಂದವ್ರು ಎಲ್ರೂ ಅಲ್ಲೇ ಬಿಟ್ಟಿದ್ರು."

"ಅತಿಥಿ! ಮಂಗಳಾರತಿ ಗದ್ದಲದಾಗೆ ಹಿಂದಿನಿಂದ ಇಳಿದು ಕೆಲಸ ಮುಗ್ಸ್ಯಾನೆ. ಯಮ್ಮಾ, ನಿನ್ನೆ ಯಾರಾದ್ರೂ ಅಡ್ಡಾದಿಡ್ಡಿ ನಡ್ಕೊಂಡ್ರಾ?"

ಚಂದ್ರಾವತಿ ಯೋಚನೆ ಮಾಡಿದ್ರು. "ಉಡುಪಿಯವರೊಬ್ಬರು ಪ್ರಸಾದಕ್ಕೆ ಎಡಗೈ ಚಾಚಿದ್ರು. ಬೈದೆ. ನಕ್ಕು ಹಾಗೇ ಬಾಯಿಗೆ ಹಾಕ್ಕೊಂಡ್ರು. ಆಫೀಸಿಂದ ಸೀದಾ ಬಂದದ್ದು, ಆ ಸೆಕೆಯಲ್ಲೂ ಕೋಟು ಬಿಚ್ಚಿರ್ಲಿಲ್ಲ."

"ಸಪಾದ ಭಕ್ಷ್ಯಕ್ಕೆ ಎಡಗೈ ಚಾಚೋ ಉಡುಪಿಯೋನು ಇನ್ನೂ ಹುಟ್ಟಿಲ್ಲ," ಅಂದೆ ನಾನು.

"ಬಲಗೈ ಬಿಡುವಿರ್ಲಿಲ್ಲ ಕಣ್ರಿ," ಅಂದ್ರು ರಾಮಲಿಂಗಪ್ಪನೋರು. "ಕೋಟಿನೊಳಗೆ ಕೂಸು ಹಿಡ್ಕೊಂಡಿದ್ದ."

*

ಯಾಕೆ ಕದ್ರು ಅಂತೀರಾ? ಅದೇ ಮಜಾ. ಚಂದ್ರಾವತಿ ತಾವಾಗೇ 'ಬೀಜ ಕೊಡ್ತೇನೆ' ಅಂದಿದ್ರು ಅವರಿಗೆ. ಆ ಮನುಷ್ಯ ಅವತ್ತೇ ಹೇಳಿದ್ರು, ನನ್ನ ಕಿವಿಯಾರೆ ಕೇಳಿದ್ದು: 'ಮನಿ ಪ್ಲಾಂಟ್ ಕದ್ದು ನೆಟ್ರೇನೇ ಹಬ್ಬೋದು ಅಕ್ಕ. ತರಕಾರಿನೂ ಹಾಗೇ. ಕೇಳಿ ತಗೊಂಡ ಬೀಜ ಹುಟ್ಟಲ್ಲ.'

ಗೊತ್ತಾಯ್ತು, ಆದ್ರೆ ಸಾಕ್ಷಿ ಇರಲಿಲ್ಲ. ಕಾಯಿ ಮೇರಿಲ್ಯಾಂಡ್ ದಾಟಿಹೋಗಿತ್ತು. ಚಂದ್ರಾವತಿ ಚಳಿಗಾಲ ಪೂರ್ತಿ ಆ ಖಾಲಿ ಟವೆಲ್ ಬೇಲಿಯಿಂದ ತೆಗೀಲೇ ಇಲ್ಲ. ಕಾದ್ವಿ. ಬೀಜ ಹುಟ್ಟಿದ್ರೆ ಬೆಳೆದೋನು ಜಂಬ ಕೊಚ್ಚದೆ ಇರಲ್ಲ ಅಂದಿದ್ರು ರಾಮಲಿಂಗಪ್ಪನೋರು. ಹೋದ ವಾರ ಫೋನ್ ಬಂತು: 'ಪಿಕ್ನಿಕ್ಕಿಗೆ ಬನ್ನಿ, ನಮ್ಮ ಹಿತ್ಲಿನ ಮಂಗಳೂರು ಸೌತೆ ಸಾಂಬಾರ್ ತರ್ತೀನಿ. ಹಣ್ಣಾದ ಕಾಯಿ ಒಂದು ಕಾರಿನ ಟ್ರಂಕಲ್ಲಿ ಇಟ್ಕೊಂಡು ಬರ್ತೀನಿ, ನೋಡೋರಂತೆ.' ಸಾಂಬಾರ್ ಭಾಳ ಚೆನ್ನಾಗಿದೆ ಗುರುರಾಜ್. ಮುಖ ಯಾಕೆ ಹಾಗಾಯ್ತು? ಯಾರಿಗೂ ಕೋಪ ಇಲ್ಲ. ನೀವು ಕದೀದೆ ಇದ್ದಿದ್ರೆ ಆ ಕಾಯೀನೂ ಗ್ರೌಂಡ್‌ಹಾಗೇ ತಿಂದಿರೋದು ಅಂತ ಚಂದ್ರಾವತಿನೇ ನಗ್ತಾರೆ.

ಆದ್ರೆ ಅಚಾನ್ ಹೇಳಿದ ತೀರ್ಪು ಇದೆಯಲ್ಲ? ಬಳ್ಳಿ ಎತ್ತಿ ಬೇರಿನ ತನಕ ನಡೀರಿ ಅಂದಿದಾರೆ. ನಾರ್ತ್ ಕ್ಯಾರೊಲಿನಾದಲ್ಲಿ ಎತ್ತಿದ ಬಳ್ಳಿ ಎಲಿಕಾಟ್ ಸಿಟಿ ಅಡುಗೆಮನೆ ಹಿಂಬಾಗಿಲಿಗೆ ಹೋಗಿ ನಿಲ್ಲುತ್ತೆ. ಕೇಳಿದ್ರೆ ನೀವು ಕೊಟ್ಟುಬಿಡ್ತೀರಿ, ಗೊತ್ತು. ಆದ್ರೆ ಕೇಳಿ ತಗೊಂಡ ಬೀಜ ಹುಟ್ಟಲ್ವಲ್ಲ, ನಿಮ್ಮದೇ ಕಾನೂನು. ಅಮ್ಮನ ತಳಿ ವಿಷಯದಲ್ಲಿ ಚಂದ್ರಾವತಿ ರಿಸ್ಕ್ ತಗೊಳ್ಳಲ್ಲ. ಅದಕ್ಕೇ ನೀವು ಮೇಜಿನ ಮೇಲಿಟ್ಟ ಕಾರ್ ಕೀ... ಹಿಂದೆ ತಿರುಗ್ಬೇಡಿ, ಬಿಸ್ಲು. ಆ ನಗು ಚಂದ್ರಾವತಿದಲ್ಲ. ಅದು ಟ್ರಂಕ್ ಮುಚ್ಚಿದ ಸದ್ದಲ್ಲ, ಗುಡುಗು. ಬೆತ್ತ ಹಿಡ್ಕೊಂಡು ಕಾವಲು ನಿಂತಿರೋರು ಯಾರೋ ಬೇರೆ. ಗುರುರಾಜ್, ಓಡ್ಬೇಡಿ, ಸಾಂಬಾರ್ ಚೆಲ್ಲುತ್ತೆ! ಮುಖ್ಯವಾದ್ದೇ ಉಳಿದಿದೆ, ಆಣೆ ಮಾಡಿ ಹೇಳ್ತೀನಿ, ಆವತ್ತು ರಾಮಲಿಂಗಪ್ಪನೋರು ನಿಜವಾಗ್ಲೂ ತಪಸ್ಸಿಗೆ ಅಂತ ಕಾಡಿಗೆ ಹೋದಾಗ ಅಲ್ಲೊಂದು ಜಿಂಕೆ ಅವರನ್ನ ನೋಡಿ ಅಟೆನ್ಷನಲ್ಲಿ ನಿಂತು...