ನಾಲ್ಕನೇ ಸಲ ಹೊಲಿದ ಕಾಲರ್

ನಂಬುವವರು ನಂಬಲಿ, ಬಿಡುವವರು ಬಿಡಲಿ. ಅಪ್ಪ ತೀರಿಕೊಂಡು ಮೂರು ತಿಂಗಳಾದರೂ ನಮ್ಮ ಟೈಲರ್ ಅಂಗಡಿಯಲ್ಲಿ ನಾನು ಹೊಲಿದ ಕಾಲರನ್ನು ಯಾರೋ ಬಿಚ್ಚುತ್ತಿದ್ದರು. ಬೀಗ ಹಾಕಿ ಊಟಕ್ಕೆ ಹೋಗಿ ಬಂದರೆ, ಬಿಚ್ಚಿದ ದಾರ ಮೇಜಿನ ಮೇಲೆ ಸುರುಳಿ ಸುತ್ತಿಟ್ಟಿರುತ್ತಿತ್ತು. ಅಪ್ಪನ ಸ್ಟೂಲು ಬೆಚ್ಚಗಿರುತ್ತಿತ್ತು. ಕೈ ನಡುಗುವ ವಯಸ್ಸಿನಲ್ಲೂ ಅಪ್ಪ ಹೀಗೇ ನನ್ನ ಹೊಲಿಗೆ ಬಿಚ್ಚಿ, “ಇನ್ನೊಂದ್ಸಲ ಹೊಲಿ” ಅನ್ನುತ್ತಿದ್ದ.

“ಅಂಗಡಿ ಮುಚ್ಚಿಬಿಡೇ,” ಎಂದಳು ಅಕ್ಕ.

ನಾನು ಮುಚ್ಚಲಿಲ್ಲ. ನಿನ್ನೆ ಒಂದೇ ಅಂಗಿಯ ಕಾಲರನ್ನು ನಾಲ್ಕನೇ ಸಲ ಹೊಲಿದು, ಖಾಲಿ ಸ್ಟೂಲಿಗೆ ಹೇಳಿದೆ: “ನೀನು ಬಿಚ್ತಾ ಇರಪ್ಪ, ನಾನು ಹೊಲೀತಾ ಇರ್ತೀನಿ. ಯಾರಿಗೆ ಮೊದಲು ಸಾಕಾಗತ್ತೋ ನೋಡೇಬಿಡೋಣ.”

ಊಟ ಮುಗಿಸಿ ಬಂದು ಬೀಗ ತೆಗೆದೆ. ಕಾಲರ್ ಹಾಗೇ ಇತ್ತು. ನಾನಿನ್ನೂ ಹಾಕದಿದ್ದ ಮೇಲಿನ ಗುಂಡಿ ಅಂಗಿಗೆ ಗಟ್ಟಿಯಾಗಿ ಕೂತಿತ್ತು. ಪಕ್ಕದಲ್ಲಿ ಸೂಜಿಯಿತ್ತು. ಪೋಣಿಸಿದ ದಾರದ ತುದಿ ಇನ್ನೂ ಎಂಜಲಿನಿಂದ ಒದ್ದೆಯಾಗಿತ್ತು.